ಸಿಟ್ಕಾದ ಎಂಟು ಮೂಲೆಯ ಮ್ಯೂಸಿಯಂ

ಶೆಲ್ಡನ್ ಜಾಕ್ಸನ್ ಮ್ಯೂಸಿಯಂನಲ್ಲಿ ಗಾಜಿನ ಕಪಾಟುಗಳ ಕೆಳಗೆ ಸಾಲಾಗಿ ಡ್ರಾಯರ್‌ಗಳಿವೆ. ಬಂದವರು ತಾವೇ ಎಳೆದು ನೋಡಬಹುದು, ಯಾರೂ ಗದರುವುದಿಲ್ಲ. ಒಂದರಲ್ಲಿ ಕಾಡುಮೇಕೆಯ ಕೊಂಬಿನಿಂದ ಮಾಡಿದ ಚಮಚಗಳಿದ್ದರೆ ಇನ್ನೊಂದರಲ್ಲಿ ಗೇಣುದ್ದದ ಮರದ ಗಾಳಗಳು. ದೊಡ್ಡ ನಗರಗಳ ಮ್ಯೂಸಿಯಂಗಳಲ್ಲಿ ಇಂಥ ವಸ್ತುಗಳ ಬಹುಪಾಲು ಉಗ್ರಾಣದ ಕತ್ತಲಲ್ಲೇ ಉಳಿದುಬಿಡುತ್ತದೆ. ಇಲ್ಲಿ ಉಗ್ರಾಣವನ್ನೇ ಜನರೆದುರು ತೆರೆದಿಟ್ಟಂತಿದೆ. ಅವಸರದ ಪ್ರವಾಸಿಗರು ಅರ್ಧ ಗಂಟೆಯಲ್ಲಿ ನೋಡಿ ಮುಗಿಸುತ್ತಾರೆ. ಡ್ರಾಯರ್ ಎಳೆಯುವ ಚಟ ಹತ್ತಿದವರಿಗೆ ಇಡೀ ದಿನವೂ ಸಾಲದು.

ಸಿಟ್ಕಾ ಇರುವುದು ಅಲಾಸ್ಕದ ಆಗ್ನೇಯ ಅಂಚಿನ ಬಾರನಾಫ್ ದ್ವೀಪದಲ್ಲಿ. ಹೊರಜಗತ್ತಿನಿಂದ ರಸ್ತೆಯಿಲ್ಲ. ವಿಮಾನದಲ್ಲಿ ಬರಬೇಕು, ಇಲ್ಲವೇ ಹಡಗಿನಲ್ಲಿ. ಊರಿನ ಜನಸಂಖ್ಯೆ ಒಂಬತ್ತು ಸಾವಿರದ ಒಳಗೆ. ಬೇಸಿಗೆಯಲ್ಲಿ ಪ್ರವಾಸಿ ಹಡಗುಗಳು ಬಂದು ನಿಂತ ದಿನ ಮುಖ್ಯ ಬೀದಿಯಾದ ಲಿಂಕನ್ ಸ್ಟ್ರೀಟ್ ಜಾತ್ರೆಯಂತಾಗುತ್ತದೆ, ಹಡಗು ಹೊರಟ ಸಂಜೆ ಬಿಕೋ ಎನ್ನುತ್ತದೆ. ಬೀದಿಯ ನಡುವೆ ರಷ್ಯನ್ನರ ಕಾಲದ ನೆನಪಾಗಿ ಸೇಂಟ್ ಮೈಕೆಲ್ ಚರ್ಚ್ ಇದೆ. ಅಲ್ಲಿಂದ ಕಡಲನ್ನು ಬಲಕ್ಕಿಟ್ಟುಕೊಂಡು ನಡೆದರೆ ಹಳೆಯ ಕಾಲೇಜಿನ ಆವರಣ, ಅದರ ಅಂಚಿನಲ್ಲಿ ಎಂಟು ಮೂಲೆಯ ಕಾಂಕ್ರೀಟ್ ಕಟ್ಟಡ. 1897ರಲ್ಲಿ ಮುಗಿದ ಇದು ಅಲಾಸ್ಕದ ಮೊದಲ ಕಾಂಕ್ರೀಟ್ ಕಟ್ಟಡ. ಅಲಾಸ್ಕದ ಅತಿ ಹಳೆಯ ಮ್ಯೂಸಿಯಂ ಕೂಡ ಇದೇ. ಒಳಗೆ ಒಂದೇ ಹಾಲ್. ಬಾಗಿಲಲ್ಲಿ ನಿಂತರೆ ಸಂಗ್ರಹದ ಬಹುಭಾಗ ಒಂದೇ ನೋಟಕ್ಕೆ ಸಿಗುತ್ತದೆ.

ಇದನ್ನು ಕಟ್ಟಿಸಿದ ಶೆಲ್ಡನ್ ಜಾಕ್ಸನ್ ಪ್ರೆಸ್ಬಿಟೇರಿಯನ್ ಮಿಷನರಿ. 1885ರಿಂದ ಅಲಾಸ್ಕದ ಸರ್ಕಾರಿ ಶಿಕ್ಷಣದ ಉಸ್ತುವಾರಿಯೂ ಅವನದೇ. ಆ ಕಾಲದ ಮಿಷನ್ ಶಾಲೆಗಳಲ್ಲಿ ಈ ಕರಾವಳಿಯ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರ ಮಕ್ಕಳು ಮನೆಮಾತು ಆಡುವಂತಿರಲಿಲ್ಲ, ಇಂಗ್ಲಿಷ್ ಒಂದೇ. ಹಿರಿಯರ ಸಮಾರಂಭಗಳು ಅನಾಗರಿಕ, ಕಂಬ ಕೆತ್ತುವುದು ಅಂಧಕಾರ ಎಂಬ ಪಾಠ ಬೇರೆ. ಅದೇ ಮನುಷ್ಯ ಊರೂರು ಸುತ್ತಿ, ಉತ್ತರದ ಕಡಲಿನವರೆಗೂ ಹೋಗಿ, ಆ ಜನರ ಮುಖವಾಡ, ಪೆಟ್ಟಿಗೆ, ಗಾಳ, ಗಿಲಕಿಗಳನ್ನು ಗುಡ್ಡೆ ಹಾಕಿದ. ಮುಂದಿನ ಪೀಳಿಗೆಯ ಮಕ್ಕಳು ತಮ್ಮ ಅಜ್ಜಂದಿರು ಹೇಗೆ ಬದುಕಿದ್ದರೆಂದು ನೋಡಲಿ ಎಂಬುದು ಅವನ ಸಮಜಾಯಿಷಿ. ಬದುಕನ್ನು ಒಂದು ಕೈಯಲ್ಲಿ ಕಿತ್ತು, ಅದರ ಸಾಮಾನನ್ನು ಇನ್ನೊಂದು ಕೈಯಲ್ಲಿ ಕಾಪಿಟ್ಟ ಈ ಮನುಷ್ಯನನ್ನು ಹೊಗಳಬೇಕೋ ತೆಗಳಬೇಕೋ ಎಂಬ ಜಿಜ್ಞಾಸೆ ನನಗಿಲ್ಲ. ಸಂಗ್ರಹ ಒಳ್ಳೆಯದು, ಸಂಗ್ರಹಿಸುವ ಅಗತ್ಯವನ್ನು ತಂದಿಟ್ಟವರಲ್ಲಿ ಸಂಗ್ರಾಹಕನೂ ಒಬ್ಬ. ಎರಡೂ ನಿಜ. ಇಲ್ಲಿ ಯೂಪಿಕ್, ಇನುಪಿಯಾಕ್, ಅಲ್ಯೂಟ್, ಅಥಬಾಸ್ಕನ್ ಜನರ ವಸ್ತುಗಳೂ ಇವೆ. ನಾನು ಬಂದದ್ದು ಟ್ಲಿಂಗಿಟ್ ಕಪಾಟುಗಳಿಗಾಗಿ.

ಟ್ಲಿಂಗಿಟ್ ಸಮಾಜ ಎರಡು ಪಾಲು: ಒಂದು ಕಾಗೆಯವರದು, ಇನ್ನೊಂದು ಹದ್ದಿನವರದು. ಕಾಗೆ ಎಂದರೆ ರೇವನ್ ಎಂಬ ದೊಡ್ಡ ಕಾಡುಕಾಗೆ. ಪ್ರತಿ ಪಾಲಿನಲ್ಲೂ ಹಲವು ಕುಲಗಳು, ಕುಲದೊಳಗೆ ಮನೆತನಗಳು. ಮಗು ತಾಯಿಯ ಕುಲಕ್ಕೆ ಸೇರುತ್ತದೆ. ಪಟ್ಟ, ಹೆಸರು, ಹಕ್ಕುಗಳು ಸೋದರಮಾವನಿಂದ ಅಳಿಯನಿಗೆ ಇಳಿಯುತ್ತವೆ. ತುಳುನಾಡಿನ ಅಳಿಯಸಂತಾನದ ಕಟ್ಟು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಬಳಿಯವರು ಮದುವೆಯಾಗಬಾರದೆಂಬ ನಮ್ಮ ಕರಾವಳಿಯ ನಿಯಮದ ಹಾಗೆ, ಅಲ್ಲೂ ಕಾಗೆಯವರು ಹದ್ದಿನವರ ಮನೆಯಿಂದಲೇ ಹೆಣ್ಣು ತರಬೇಕು.

ಇದನ್ನು ತಿಳಿಯದೆ ಕಪಾಟು ನೋಡಿದರೆ ಕಾಣುವುದು ಬರೀ ಚಂದದ ಕೆತ್ತನೆ. ಟೋಪಿಯ ಮೇಲಿನ ಕಪ್ಪೆ, ಕಂಬದ ಮೇಲಿನ ಬೀವರ್, ಪೆಟ್ಟಿಗೆಯ ಮೇಲಿನ ಕರಡಿ ಕೆತ್ತಿದವನ ಮನಸ್ಸಿಗೆ ಬಂದ ಚಿತ್ರಗಳಲ್ಲ. ಅವು ಒಂದೊಂದು ಕುಲದ ಸ್ವತ್ತು. ಆ ಪ್ರಾಣಿಯೊಂದಿಗೆ ಕುಲದ ಹಿರಿಯರಿಗೆ ಏನೋ ನಡೆದಿತ್ತು, ಅದಕ್ಕೆ ಯಾರೋ ಪ್ರಾಣ ತೆತ್ತಿದ್ದರು, ಆದ್ದರಿಂದ ಆ ರೂಪವನ್ನು ತೋರಿಸುವ ಹಕ್ಕು ಆ ಕುಲಕ್ಕೆ ಮಾತ್ರ. ಇಂಥ ವಸ್ತುವನ್ನು ಕುಲದ ಮುಖಂಡ ಕಾಯುತ್ತಾನೆಯೇ ಹೊರತು ಅದು ಅವನದಲ್ಲ, ಮಾರುವ ಅಧಿಕಾರ ಅವನಿಗಿಲ್ಲ. ಇದರ ಜೊತೆಗೆ ಇನ್ನೊಂದು ಕಟ್ಟುಪಾಡಿದೆ: ಕುಲದ ಲಾಂಛನವನ್ನು ಆ ಕುಲದವರೇ ಕೆತ್ತಿಕೊಳ್ಳುವಂತಿಲ್ಲ. ಕಾಗೆಯವರ ಕಂಬವನ್ನು ಹದ್ದಿನವರು ಕೆತ್ತಬೇಕು, ಹದ್ದಿನವರದನ್ನು ಕಾಗೆಯವರು. ಆಮೇಲೆ ಪಾಟ್‌ಲಾಚ್ ಎಂಬ ದೊಡ್ಡ ಔತಣ ಕೂಡಿಸಿ, ಎಲ್ಲರೆದುರು ಕೆತ್ತಿದವರಿಗೆ ಸಂಭಾವನೆ ಕೊಟ್ಟು ವಸ್ತುವಿಗೆ ಮಾನ್ಯತೆ ಪಡೆಯಬೇಕು. ಸಾಕ್ಷಿ ಹೇಳುವವರೂ ಎದುರು ಪಾಲಿನವರೇ. ಹಾಗಾಗಿ ಇಲ್ಲಿನ ಪ್ರತಿ ದೊಡ್ಡ ಕೆತ್ತನೆಯೂ ಒಂದು ಹಕ್ಕುಪತ್ರ.

ಈ ಮ್ಯೂಸಿಯಂನ ಪಟ್ಟದ ವಸ್ತು ಕಾಗೆಯ ಶಿರಸ್ತ್ರಾಣ. ಮರದಲ್ಲಿ ಕೆತ್ತಿದ ಕಾಗೆಯ ತಲೆ, ಮುಂದಕ್ಕೆ ಚಾಚಿದ ಕೊಕ್ಕು. ಕಿಕ್ಸ್‌ಆಡಿ ಕುಲದ ವೀರ ಕ್‌ಆಲ್ಯಾನ್ 1804ರ ಯುದ್ಧದಲ್ಲಿ ಧರಿಸಿದ್ದು ಇದನ್ನೇ. ಗಾತ್ರ ಕಂಡು ಬೆರಗಾಗುವಂಥದ್ದೇನೂ ಇಲ್ಲ. ಇದನ್ನು ತಲೆಗೇರಿಸಿಕೊಂಡವನು ಕಾಡಿನಂಚಿನಿಂದ ನುಗ್ಗಿ ಬರುವುದನ್ನು ಕಲ್ಪಿಸಿಕೊಳ್ಳಬೇಕು, ಆಗ ಅದರ ಕೆಲಸ ತಿಳಿಯುತ್ತದೆ.

ಕಥೆ ಹೀಗಿದೆ. ರಷ್ಯನ್ನರು 1799ರಲ್ಲಿ ಇಲ್ಲಿಗೆ ಬಂದು ಕೋಟೆ ಕಟ್ಟಿದರು. ಕಡಲನೀರುನಾಯಿಯ ತುಪ್ಪಳಕ್ಕೆ ಚೀನಾದಲ್ಲಿ ಚಿನ್ನದ ಬೆಲೆಯಿದ್ದ ಕಾಲ ಅದು. 1802ರಲ್ಲಿ ಟ್ಲಿಂಗಿಟ್ಟರು ಆ ಕೋಟೆಯನ್ನು ಸುಟ್ಟು ಬೂದಿ ಮಾಡಿದರು. ಎರಡು ವರ್ಷದ ಮೇಲೆ ರಷ್ಯನ್ ಕಂಪನಿಯ ಮುಖ್ಯಸ್ಥ ಬಾರನಾಫ್, ‘ನೆವಾ’ ಎಂಬ ಯುದ್ಧಸಜ್ಜಿತ ಹಡಗನ್ನೂ ನೂರಾರು ಅಲ್ಯೂಟ್ ದೋಣಿಗಳನ್ನೂ ಕಟ್ಟಿಕೊಂಡು ಮರಳಿ ಬಂದ. ಕಿಕ್ಸ್‌ಆಡಿಗಳು ನದೀಮುಖದಲ್ಲಿ ಸ್ಪ್ರೂಸ್ ದಿಮ್ಮಿಗಳ ಕೋಟೆ ಕಟ್ಟಿ ಕಾದಿದ್ದರು. ಫಿರಂಗಿ ಗುಂಡುಗಳಿಗೆ ಆ ಹಸಿ ಮರವನ್ನು ಭೇದಿಸಲಾಗಲಿಲ್ಲ. ಕ್‌ಆಲ್ಯಾನ್ ಕಾಗೆಯ ಶಿರಸ್ತ್ರಾಣ ತೊಟ್ಟು, ಕೈಯಲ್ಲಿ ಕಮ್ಮಾರನ ಸುತ್ತಿಗೆ ಹಿಡಿದು ಹೋರಾಡಿದ, ಬಾರನಾಫ್‌ನಿಗೇ ಗಾಯವಾಯಿತು. ಆದರೆ ಮದ್ದುಗುಂಡು ತರುತ್ತಿದ್ದ ದೋಣಿ ದಾರಿಯಲ್ಲೇ ಸಿಡಿದುಹೋಗಿತ್ತು. ಕೆಲವು ದಿನಗಳ ಕಾದಾಟದ ನಂತರ, ಒಂದು ರಾತ್ರಿ ಕೋಟೆಯ ಜನ ಹೆಂಗಸರು ಮಕ್ಕಳೊಂದಿಗೆ ಬೆಟ್ಟ ದಾಟಿ ದ್ವೀಪದ ಉತ್ತರಕ್ಕೆ ಹೊರಟುಹೋದರು. ಕಿಕ್ಸ್‌ಆಡಿಗಳು ಇಂದಿಗೂ ಅದನ್ನು ಸೋಲು ಎನ್ನುವುದಿಲ್ಲ.

ಟ್ಲಿಂಗಿಟ್ ಕವಚದ ಬಗ್ಗೆ ಇನ್ನೆರಡು ಮಾತು. ಶಿರಸ್ತ್ರಾಣವನ್ನು ಹೆಚ್ಚಾಗಿ ಸ್ಪ್ರೂಸ್ ಮರದ ಗಂಟಿನಲ್ಲಿ ಕೆತ್ತುತ್ತಿದ್ದರು. ಗಂಟಿನ ಎಳೆಗಳು ಸುರುಳಿ ಸುತ್ತಿಕೊಂಡಿರುವುದರಿಂದ ಪೆಟ್ಟು ಬಿದ್ದರೆ ಸೀಳುವುದಿಲ್ಲ. ಅದರ ಕೆಳಗೆ ಮುಖ ಕುತ್ತಿಗೆ ಮುಚ್ಚುವ ಮರದ ಪಟ್ಟಿ, ಕಣ್ಣಿಗೆ ಕಿಂಡಿ. ಪಟ್ಟಿಯ ಒಳಬದಿಯ ಒಂದು ತುಂಡನ್ನು ಯೋಧ ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕಿತ್ತು. ಅಂದರೆ ಯುದ್ಧ ಮುಗಿಯುವವರೆಗೆ ಬಾಯಿ ಬಿಡುವಂತಿಲ್ಲ! ಮೈಗೆ ದಪ್ಪ ಚರ್ಮದ ಅಂಗಿ. ಕೆಲವು ಅಂಗಿಗಳ ಮೇಲೆ ನಡುವೆ ಚೌಕ ತೂತಿರುವ ಚೀನೀ ನಾಣ್ಯಗಳನ್ನು ಸಾಲಾಗಿ ಹೊಲಿದಿದ್ದಾರೆ. ತುಪ್ಪಳ ಕೊಟ್ಟು ಪಡೆದ ಕಾಸು ಎದೆಗವಚವಾಯಿತು. ಹದಿನೆಂಟನೆಯ ಶತಮಾನದ ಶಿರಸ್ತ್ರಾಣಗಳನ್ನು ನೋಡಬೇಕೆಂದರೆ ಮಾತ್ರ ಮ್ಯಾಡ್ರಿಡ್ಡಿಗೋ ಸೇಂಟ್ ಪೀಟರ್ಸ್‌ಬರ್ಗಿಗೋ ಹೋಗಬೇಕು. 1791ರಲ್ಲಿ ಯಾಕುಟಾಟ್‌ಗೆ ಬಂದಿದ್ದ ಮಲಾಸ್ಪಿನಾನ ಸ್ಪ್ಯಾನಿಷ್ ತಂಡ, ಅದರ ಹಿಂದೆಯೇ ಬಂದ ರಷ್ಯನ್ನರು ಅವನ್ನು ಹೊತ್ತೊಯ್ದಿದ್ದರು.

ಈಗ ಬಣ್ಣದ ಪೆಟ್ಟಿಗೆಯ ಬಳಿ ಬನ್ನಿ, ಆದರೆ ಬಣ್ಣ ನೋಡಬೇಡಿ. ಮೊದಲು ಮೂಲೆ ನೋಡಿ. ನಾಲ್ಕು ಗೋಡೆಯ ಪೆಟ್ಟಿಗೆಗೆ ನಾಲ್ಕು ಹಲಗೆ ಬೇಕು ಎಂದುಕೊಂಡಿದ್ದರೆ ಅದು ಇಲ್ಲಿ ಸುಳ್ಳು. ಇಡೀ ಗೋಡೆ ಸೀಡರ್ ಮರದ ಒಂದೇ ಹಲಗೆ. ಮೂರು ಕಡೆ ಅಡ್ಡಕ್ಕೆ ಕಚ್ಚು ಹಾಕಿ, ಮರದ ದಪ್ಪವನ್ನು ಅಲ್ಲಿ ತೆಳ್ಳಗೆ ಮಾಡಿ, ಬಿಸಿ ಹಬೆಗೆ ಹಿಡಿದು ಮೆತ್ತಗಾದಾಗ ಮಡಚಿದ್ದಾರೆ. ನಾಲ್ಕನೆಯ ಮೂಲೆಯಲ್ಲಿ ಮಾತ್ರ ಎರಡು ತುದಿಗಳು ಸೇರುತ್ತವೆ. ಅಲ್ಲಿ ಮರದ ಮೊಳೆ ಬಡಿದೋ ಬೇರಿನ ನಾರಿನಿಂದ ಹೊಲಿದೋ ಬಿಗಿ ಮಾಡಿದ್ದಾರೆ. ತಳಕ್ಕೆ ಇನ್ನೊಂದು ಹಲಗೆ. ನೀರು ತುಂಬಿದರೂ ಸೋರದಷ್ಟು ಬಿಗಿ. ಕಾದ ಕಲ್ಲುಗಳನ್ನು ನೀರಿಗೆ ಹಾಕಿ ಇಂಥ ಪೆಟ್ಟಿಗೆಯಲ್ಲೇ ಮೀನು ಬೇಯಿಸುತ್ತಿದ್ದರು. ಹಬ್ಬದ ಉಡುಪು, ಮೀನೆಣ್ಣೆ, ಒಣಗಿಸಿದ ಹಣ್ಣು ಎಲ್ಲಕ್ಕೂ ಪೆಟ್ಟಿಗೆಯೇ. ಕೆಲವುಗಳ ಮುಚ್ಚಳದ ಅಂಚಿಗೆ ಕಡಲಬಸವನ ಬಾಯಿಮುಚ್ಚಳಗಳನ್ನು ಸಾಲಾಗಿ ಕೂರಿಸಿದ್ದಾರೆ, ಬಿಳಿ ಗುಂಡಿಗಳ ಹಾಗೆ ಹೊಳೆಯುತ್ತವೆ.

ಮೂಲೆ ನೋಡಿ ಆಯಿತೆಂದರೆ ಮುಂಬದಿಗೆ ಬನ್ನಿ. ಕಪ್ಪು ಗೆರೆಯೊಂದು ಎಲ್ಲೂ ಕಡಿಯದೆ ದಪ್ಪವಾಗುತ್ತ, ಸಣ್ಣದಾಗುತ್ತ, ತಿರುಗುತ್ತ ಹೋಗಿ ಪ್ರಾಣಿಯ ಇಡೀ ಮೈಯನ್ನು ಕಟ್ಟುತ್ತದೆ. ಒಳಗಿನ ವಿವರಗಳಿಗೆ ಕೆಂಪು. ಉಳಿದ ಸಂದುಗಳಲ್ಲಿ ನೀಲಿ ಹಸಿರು. ಕಣ್ಣು, ಕೀಲು, ರೆಕ್ಕೆ ಎಲ್ಲಕ್ಕೂ ಮೂಲೆ ಸವೆದ ಆಯತದಂಥ ಒಂದೇ ಆಕಾರವನ್ನು ಹಿಗ್ಗಿಸಿ ಕುಗ್ಗಿಸಿ ಬಳಸುತ್ತಾರೆ. ಸಿಯಾಟಲ್‌ನ ಕಲಾ ಶಿಕ್ಷಕ ಬಿಲ್ ಹೋಮ್ 1965ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಗೆರೆಗೆ ‘ಫಾರ್ಮ್‌ಲೈನ್’ ಎಂದು ಹೆಸರಿಟ್ಟು ಅದರ ವ್ಯಾಕರಣವನ್ನು ಬಿಡಿಸಿ ತೋರಿಸಿದ. ಈಗಿನ ಟ್ಲಿಂಗಿಟ್ ಕಲಾವಿದರೂ ಅದೇ ಮಾತು ಬಳಸುತ್ತಾರೆ. ಇದು ಬೀವರೋ ಕರಡಿಯೋ ಎಂದು ಪತ್ತೆಹಚ್ಚುವ ಆಟ ಪ್ರವಾಸಿಗರಿಗೆ ಬಲು ಇಷ್ಟ. ಎದುರಿಗೆ ದೊಡ್ಡ ಬಾಚಿಹಲ್ಲು, ಬಾಲದ ಮೇಲೆ ಅಡ್ಡಗೆರೆ ಇದ್ದರೆ ಬೀವರ್, ಅಷ್ಟರ ಮಟ್ಟಿಗೆ ಸುಲಭ. ಪೆಟ್ಟಿಗೆಗಳ ಮೇಲಿನ ಚಿತ್ರಗಳಲ್ಲಿ ಬಹಳಷ್ಟನ್ನು ಹೀಗೆ ಗುರುತಿಸಲಾಗುವುದೇ ಇಲ್ಲ. ಜಾಗ ತುಂಬಿಸಲು ಕಲಾವಿದ ಪ್ರಾಣಿಯ ಅಂಗಗಳನ್ನು ಬಿಚ್ಚಿ ಹರಡಿರುತ್ತಾನೆ.

ಈ ಬಣ್ಣ ಅರೆಯುವ ವಿಧಾನ ಕೇಳಿದರೆ ಕೆಲವರು ಮುಖ ಕಿವುಚಬಹುದು. ಸೀಡರ್ ತೊಗಟೆಯಲ್ಲಿ ಸುತ್ತಿದ ಸಾಲ್ಮನ್ ಮೀನಿನ ಮೊಟ್ಟೆಯನ್ನು ಬಾಯಲ್ಲಿ ಹಾಕಿ ಅಗಿದು, ಎಂಜಲು ಬೆರೆತ ಆ ಎಣ್ಣೆಯನ್ನು ಕಲ್ಲಿನ ಮೇಲೆ ಉಗುಳಿ ಬಣ್ಣದ ಪುಡಿಯೊಂದಿಗೆ ಅರೆಯುತ್ತಿದ್ದರು. ಕಪ್ಪಿಗೆ ಇದ್ದಿಲು, ಕೆಂಪಿಗೆ ಕಾವಿಮಣ್ಣು. ವ್ಯಾಪಾರಿ ಹಡಗುಗಳು ಬರತೊಡಗಿದ ಮೇಲೆ ಚೀನಾದ ಹಿಂಗುಳದ ಕಡುಗೆಂಪು. ಕುಂಚಕ್ಕೆ ಮುಳ್ಳುಹಂದಿಯ ಕೂದಲು. ಇನ್ನೂರು ವರ್ಷದ ಬಣ್ಣ ಇವತ್ತಿಗೂ ಏಳದೆ ಕೂತಿದೆ, ಸಾಕಲ್ಲ.

ಬಣ್ಣದ ಕೆಲಸ ಮರಕ್ಕೇ ನಿಲ್ಲುವುದಿಲ್ಲ. ಕಾಡುಮೇಕೆಯ ಉಣ್ಣೆ ಮತ್ತು ಸೀಡರ್ ತೊಗಟೆಯಿಂದ ನೇಯುವ ಚಿಲ್ಕಾಟ್ ಹೊದಿಕೆಯನ್ನು ಹೆಂಗಸರು ನೇಯುತ್ತಾರೆ. ಅದರ ಚಿತ್ರವನ್ನು ಗಂಡಸರು ಹಲಗೆಯೊಂದರ ಮೇಲೆ ಬರೆದು ಕೊಡುತ್ತಿದ್ದರು. ಹೊದಿಕೆಯ ಎಡಬಲ ಒಂದೇ ಆದ್ದರಿಂದ ಹಲಗೆಯಲ್ಲಿ ಅರ್ಧ ಚಿತ್ರವಿದ್ದರೆ ಸಾಕು. ನೇಯ್ಗೆಯಲ್ಲಿ ದುಂಡು ಗೆರೆ ತರುವುದು ಎಷ್ಟು ಕಷ್ಟವೆಂದು ಮಗ್ಗ ಬಲ್ಲವರಿಗೆ ಗೊತ್ತು. ಚಿಲ್ಕಾಟ್ ನೇಯುವ ಹೆಂಗಸರು ಬಣ್ಣದ ಹಲಗೆಯ ಕಣ್ಣುಗಳನ್ನು ಹಾಗೆಯೇ ದುಂಡಗೆ ನೂಲಿನಲ್ಲಿ ತಂದುಬಿಟ್ಟರು. ಒಂದು ಹೊದಿಕೆಗೆ ವರ್ಷ ಹಿಡಿಯುತ್ತಿತ್ತು.

ಡ್ರಾಯರಿನ ಗಾಳಗಳಿಗೆ ಮರಳಿ ಬಂದೆ, ನನಗೆ ಇಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಅವೇ. ಅವು ಹ್ಯಾಲಿಬಟ್ ಹಿಡಿಯುವ ಗಾಳಗಳು. ಹ್ಯಾಲಿಬಟ್ ಎಂಬುದು ಕಡಲ ತಳದಲ್ಲಿ ಮಲಗುವ ಚಪ್ಪಟೆ ಮೀನು, ನೂರು ಕಿಲೋ ದಾಟಿ ಬೆಳೆಯುತ್ತದೆ. ಗಾಳದ ಎರಡು ತೋಳುಗಳನ್ನು ಬೇರೆ ಬೇರೆ ಮರದಿಂದ ಮಾಡಿ, ಸ್ಪ್ರೂಸ್ ಬೇರಿನಿಂದ ಬಿಗಿದು ಕೋನದಲ್ಲಿ ಸೇರಿಸಿದ್ದಾರೆ. ಹಗುರ ಹಳದಿ ಸೀಡರ್ ಒಂದು ಬದಿ, ಭಾರದ ಮರ ಇನ್ನೊಂದು ಬದಿ. ಹಾಗಾಗಿ ನೀರಿನಲ್ಲಿ ಗಾಳ ತಳದಿಂದ ತುಸು ಮೇಲೆ ಸರಿಯಾದ ಭಂಗಿಯಲ್ಲಿ ತೇಲಿ ನಿಲ್ಲುತ್ತದೆ. ಒಂದು ತೋಳಿಗೆ ಮೂಳೆಯದೋ ಕಬ್ಬಿಣದ್ದೋ ಮುಳ್ಳು. ತೋಳುಗಳ ನಡುವಿನ ಸಂದು ಎಷ್ಟಿರಬೇಕೆಂಬುದರಲ್ಲಿ ಜಾಣ್ಮೆಯಿದೆ: ಮರಿಮೀನು ಕಚ್ಚಿದರೂ ಸಿಕ್ಕುವುದಿಲ್ಲ, ದೋಣಿ ಮಗುಚುವಂಥ ಭಾರಿ ಮೀನಿನ ಬಾಯಿಗೆ ಗಾಳ ಹೋಗುವುದೇ ಇಲ್ಲ. ಇನ್ನೊಂದು ತೋಳಿನಲ್ಲಿ ಕೆತ್ತನೆ. ಅಷ್ಟಪದಿ, ನೀರುನಾಯಿ, ಕೆಲವೊಮ್ಮೆ ಮಾಂತ್ರಿಕ. ಗಾಳ ನೀರಿಗಿಳಿದಾಗ ಆ ಕೆತ್ತನೆ ಮೀನಿನ ಕಡೆಗೆ, ಕೆಳಮುಖವಾಗಿರುತ್ತದೆ. ಕೆತ್ತಿದ್ದು ಮನುಷ್ಯರಿಗೆ ತೋರಿಸಲಿಕ್ಕಲ್ಲ, ಹ್ಯಾಲಿಬಟ್‌ಗೆ. ಈಗ ಡ್ರಾಯರಿನಲ್ಲಿ ಮೇಲ್ಮುಖವಾಗಿ ಮಲಗಿಸಿ ನಮಗೆ ತೋರಿಸುತ್ತಿದ್ದಾರೆ.

ಕಾಗೆಯ ಗಿಲಕಿಯದೂ ಇಂಥದೇ ಪಾಡು. ಹಾರುವ ಕಾಗೆ, ಅದರ ಬೆನ್ನ ಮೇಲೆ ಅಂಗಾತ ಮಲಗಿದ ಮನುಷ್ಯ, ಅವನ ನಾಲಗೆ ಕಪ್ಪೆಯ ನಾಲಗೆಗೆ ಕೂಡಿಕೊಂಡಿದೆ. ಮ್ಯೂಸಿಯಂಗಳಲ್ಲಿ ಬೆನ್ನು ಮೇಲೆ ಮಾಡಿ ಇಡುವುದು ವಾಡಿಕೆ. ಕುಣಿಯುವ ಮುಖಂಡ ಅದನ್ನು ಹಿಡಿಯುವುದು ಹೊಟ್ಟೆ ಮೇಲಾಗಿ.

ಮ್ಯೂಸಿಯಂನಿಂದ ಅದೇ ಬೀದಿಯಲ್ಲಿ ಇನ್ನೂ ಮುಂದಕ್ಕೆ, ಹತ್ತು ನಿಮಿಷ ನಡೆದರೆ ಸಿಟ್ಕಾ ರಾಷ್ಟ್ರೀಯ ಐತಿಹಾಸಿಕ ಉದ್ಯಾನ. 1804ರ ಕಾಳಗ ನಡೆದದ್ದು ಇಲ್ಲೇ. ಕಾಡಿನ ನಡುವಿನ ಕಾಲುದಾರಿಯ ಎರಡೂ ಬದಿ ಟೋಟೆಮ್ ಕಂಬಗಳು. ಇವು ಸಿಟ್ಕಾದವೆಂದು ಎಲ್ಲರೂ ತಿಳಿಯುತ್ತಾರೆ. ಹೆಚ್ಚಿನವು ತೆಂಕಣ ದ್ವೀಪಗಳ ಟ್ಲಿಂಗಿಟ್, ಹೈಡಾ ಹಳ್ಳಿಗಳವು. ಗವರ್ನರ್ ಜಾನ್ ಬ್ರೇಡಿ ಅವನ್ನು ಅಲ್ಲಿಂದ ತರಿಸಿ, 1904ರಲ್ಲಿ ಸೇಂಟ್ ಲೂಯಿಸ್‌ನ ಜಾಗತಿಕ ಮೇಳದಲ್ಲೂ ಮರುವರ್ಷ ಪೋರ್ಟ್‌ಲ್ಯಾಂಡ್‌ನಲ್ಲೂ ಪ್ರದರ್ಶಿಸಿ, ಆಮೇಲೆ ಇಲ್ಲಿ ನೆಡಿಸಿದ. ದಾರಿಯಲ್ಲಿ ಈಗ ನಿಂತಿರುವವುಗಳಲ್ಲಿ ಬಹಳಷ್ಟು ಮರುಕೆತ್ತನೆಗಳು. ಉಳಿದ ಹಳೆಯ ಮೂಲಗಳನ್ನು ಮಾಹಿತಿ ಕೇಂದ್ರದ ಎತ್ತರದ ಹಾಲ್‌ನಲ್ಲಿ ನಿಲ್ಲಿಸಿದ್ದಾರೆ. ಕೋಟೆ ಇದ್ದ ಬಯಲಿನಲ್ಲಿರುವ ಕಂಬವಾದರೋ ಈ ನೆಲದ್ದೇ. 1999ರಲ್ಲಿ ಕ್‌ಆಲ್ಯಾನ್ ಹೆಸರಿನಲ್ಲಿ ನಿಲ್ಲಿಸಿದ ಅದನ್ನು ಕೆತ್ತಿದ ತಂಡದ ಮುಖ್ಯಸ್ಥ ಟ್ಲಿಂಗಿಟ್ ಶಿಲ್ಪಿ ಟಾಮಿ ಜೋಸೆಫ್. ಹಳೆಯ ಕವಚ, ಶಿರಸ್ತ್ರಾಣಗಳನ್ನು ದೇಶ ವಿದೇಶದ ಮ್ಯೂಸಿಯಂಗಳಲ್ಲಿ ಹುಡುಕಿ ಅಭ್ಯಾಸ ಮಾಡಿ, ಹೊಸದಾಗಿ ಕೆತ್ತಿದವರೂ ಅವರೇ. ಕಪಾಟು ಸೇರಿದ್ದು ಹೀಗೂ ಪ್ರಯೋಜನಕ್ಕೆ ಬರುತ್ತದೆ ಎನ್ನುವುದನ್ನು ಒಪ್ಪಬೇಕು.

ಆದರೆ ಎಲ್ಲವೂ ಸಿಟ್ಕಾದಲ್ಲಿ ಉಳಿಯಲಿಲ್ಲ. 1880ರ ದಶಕದಲ್ಲಿ ಇಲ್ಲಿ ‘ಪಿಂಟಾ’ ನೌಕೆಯಲ್ಲಿದ್ದ ಅಮೆರಿಕದ ನೌಕಾಧಿಕಾರಿ ಜಾರ್ಜ್ ಎಮನ್ಸ್ ಟ್ಲಿಂಗಿಟ್ಟರ ಸ್ನೇಹ ಬೆಳೆಸಿ, ಬಿಡುವಿನಲ್ಲೆಲ್ಲ ವಸ್ತು ಕೊಂಡು, ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗೆ ಸಾವಿರಾರು ಸಂಖ್ಯೆಯಲ್ಲಿ ಮಾರಿದ. ಯಾವುದನ್ನು ಯಾವ ಊರಿನಲ್ಲಿ, ಏತಕ್ಕೆ ಬಳಸುತ್ತಿದ್ದರೆಂದು ಬರೆದಿಟ್ಟದ್ದು ಅವನ ದೊಡ್ಡತನ. ಮಾಂತ್ರಿಕರ ಗೋರಿಗಳಿಂದಲೂ ತೆಗೆದದ್ದು ಸಣ್ಣತನ.

ಅದೇ ನ್ಯೂಯಾರ್ಕ್ ಮ್ಯೂಸಿಯಂನಲ್ಲಿ ಬೀವರ್ ಕೆತ್ತಿದ ದೋಣಿಯ ಮೂತಿಯೊಂದಿತ್ತು. ಅದರ ಕಥೆ ಇದು. ಸಿಟ್ಕಾದ ಈಶಾನ್ಯಕ್ಕಿರುವ ಆಂಗೂನ್ ಹಳ್ಳಿಯ ಮೇಲೆ 1882ರ ಅಕ್ಟೋಬರ್ 26ರಂದು ಅಮೆರಿಕದ ನೌಕಾಪಡೆ ಗುಂಡಿನ ಮಳೆಗರೆಯಿತು. ಕಂಪನಿಯೊಂದರ ತಿಮಿಂಗಿಲ ಬೇಟೆಯ ದೋಣಿಯಲ್ಲಿ ಸ್ಫೋಟವಾಗಿ ಮಾಂತ್ರಿಕನೊಬ್ಬ ಸತ್ತಿದ್ದ, ಊರವರು ಆ ಕಂಪನಿಯಿಂದ 200 ಕಂಬಳಿ ಪರಿಹಾರ ಕೇಳಿದ್ದರು, ಪಡೆಯವರು ತಿರುಗಿ ಅವರಿಗೇ 400 ಕಂಬಳಿ ದಂಡ ಹಾಕಿದ್ದರು. ಕೊಡಲಾಗಲಿಲ್ಲವೆಂದು ಮನೆ, ಚಳಿಗಾಲದ ದಾಸ್ತಾನು, ದೋಣಿ ಎಲ್ಲ ಸುಟ್ಟರು. ಹೊಗೆಗೆ ಸಿಕ್ಕಿ ಆರು ಮಕ್ಕಳು ಸತ್ತರು. ಹೊರಗೆ ಹೋಗಿದ್ದ ಒಂದೇ ದೋಣಿ ಉಳಿಯಿತು, ಅದೇ ಆ ಚಳಿಗಾಲದಲ್ಲಿ ಊರನ್ನು ಬದುಕಿಸಿತು. ಮುಂದೆ ಆ ದೋಣಿ ಬಿರುಕು ಬಿಟ್ಟಾಗ ಮನುಷ್ಯರಿಗೆ ಮಾಡುವಂತೆ ಅದಕ್ಕೆ ದಹನ ಸಂಸ್ಕಾರ ಮಾಡಿದರಂತೆ. ಮೂತಿಯ ಬೀವರ್ ಮಾತ್ರ ಕಣ್ಮರೆಯಾಗಿತ್ತು. 1999ರಲ್ಲಿ ನ್ಯೂಯಾರ್ಕಿಗೆ ಬಂದ ಟ್ಲಿಂಗಿಟ್ ಹಿರಿಯರು ಅದನ್ನು ಗುರುತಿಸಿದರು. ಅದು ಊರಿಗೆ ಮರಳಿತು. ನೌಕಾಪಡೆ ಕ್ಷಮೆ ಕೇಳಿದ್ದು 2024ರ ಅಕ್ಟೋಬರ್ 26ರಂದು, ಆಂಗೂನ್‌ಗೇ ಬಂದು. 142 ವರ್ಷ ತಡವಾಗಿ!

ಮೂಲನಿವಾಸಿಗಳ ಪವಿತ್ರ ವಸ್ತುಗಳನ್ನು ಹಿಂದಿರುಗಿಸಲು ಅಮೆರಿಕದಲ್ಲಿ 1990ರಲ್ಲಿ ಕಾನೂನು ಬಂದ ಮೇಲೆ ಇಂಥ ಮರಳಿಕೆಗಳು ಹೆಚ್ಚಿದವು. ಆಂಗೂನ್‌ನವರದ್ದೇ ತಿಮಿಂಗಿಲ ಟೋಪಿಯ ಕಥೆ ವಿಚಿತ್ರ. 1904ರಲ್ಲಿ ಮಾನವಶಾಸ್ತ್ರಜ್ಞ ಜಾನ್ ಸ್ವಾಂಟನ್ ಸ್ಮಿತ್ಸೋನಿಯನ್ ಮ್ಯೂಸಿಯಂಗಾಗಿ ಕೊಂಡಿದ್ದ ಅದು, 2005ರ ಜನವರಿಯಲ್ಲಿ ದಕ್ಲವೇದಿ ಕುಲದ ಮುಖಂಡ ಮಾರ್ಕ್ ಜೇಕಬ್ಸ್ ಅವರ ಕೈಗೆ ಬಂತು. ಅವರು ಆಗ ಮರಣಶಯ್ಯೆಯಲ್ಲಿದ್ದರು. ಕೆಲವು ವರ್ಷಗಳ ನಂತರ ಕುಲದವರ ಒಪ್ಪಿಗೆಯ ಮೇಲೆ ಸ್ಮಿತ್ಸೋನಿಯನ್‌ನವರು ಟೋಪಿಯನ್ನು ಲೇಸರ್ ಸ್ಕ್ಯಾನ್ ಮಾಡಿ, ಆಲ್ಡರ್ ಮರದಲ್ಲಿ ಯಂತ್ರದಿಂದ ಪ್ರತಿ ಕಡೆದು, ಕೈಯಿಂದ ಬಣ್ಣ ಬಳಿದು ಮುಗಿಸಿದರು. 2012ರಲ್ಲಿ ಇದೇ ಸಿಟ್ಕಾದಲ್ಲಿ ಕುಲಗಳ ಸಮಾವೇಶ ನಡೆದಾಗ ಹಳೆಯದೂ ಹೊಸದೂ ಒಟ್ಟಿಗೆ ಕುಣಿದವು. ಮ್ಯೂಸಿಯಂನಲ್ಲಿ ಇರುವುದು ಈಗ ಪ್ರತಿ, ಊರಲ್ಲಿ ಇರುವುದು ಮೂಲ. ಜಗತ್ತಿನ ಎಲ್ಲ ಮ್ಯೂಸಿಯಂಗಳಿಗೂ ಈ ಪಾಠ ಹೇಳಿಕೊಡಬೇಕು ಎಂಬುದು ನನ್ನ ಮತ.

ಹೋಗುವವರಿಗೆ ಎರಡು ಮಾತು. ಸಿಯಾಟಲ್‌ನಲ್ಲಿರುವ ಕನ್ನಡಿಗರಿಗೆ ಸಿಟ್ಕಾ ಎರಡೂವರೆ ಗಂಟೆಯ ವಿಮಾನದ ದಾರಿ. ಮ್ಯೂಸಿಯಂ ಚಳಿಗಾಲದಲ್ಲಿ ಎಲ್ಲ ದಿನ ತೆರೆದಿರುವುದಿಲ್ಲ, ವಿಚಾರಿಸಿಕೊಂಡು ಹೊರಡಿ. ಮಳೆಯಂಗಿ ಮರೆಯಬೇಡಿ. ಅಷ್ಟು ದೂರ ಹೋಗಲಾಗದಿದ್ದರೆ ಸಿಯಾಟಲ್‌ನ ಬರ್ಕ್ ಮ್ಯೂಸಿಯಂ ಇದೆ. ನ್ಯೂಯಾರ್ಕಿನ ಆ ಮ್ಯೂಸಿಯಂನಲ್ಲಿ, ಮೂಲನಿವಾಸಿ ಪ್ರತಿನಿಧಿಗಳೊಂದಿಗೆ ಕೂತು ಹೊಸದಾಗಿ ರೂಪಿಸಿ 2022ರಲ್ಲಿ ಮತ್ತೆ ತೆರೆದ ವಾಯವ್ಯ ಕರಾವಳಿ ಹಾಲ್ ಇದೆ. ಎಲ್ಲಿ ನೋಡಿದರೂ ಫಲಕದಲ್ಲಿ ಕುಲದ ಹೆಸರು ಇದೆಯೇ ನೋಡಿ. ವಸ್ತು ಕೊಂಡವನ ಹೆಸರು, ವರ್ಷ ಮಾತ್ರ ಇದ್ದರೆ ಆ ಫಲಕ ಅರ್ಧ ಬರೆದದ್ದು ಎಂದೇ ತಿಳಿಯಿರಿ. ಇನ್ನು, ಬಂದರಿನ ಅಂಗಡಿಗಳಲ್ಲಿ ಪುಟ್ಟ ಟೋಟೆಮ್ ಕಂಬಗಳು ರಾಶಿ ರಾಶಿ ಸಿಗುತ್ತವೆ, ಎಲ್ಲೋ ದೂರದ ಕಾರ್ಖಾನೆಯಲ್ಲಿ ಅಚ್ಚು ಹಾಕಿದವು. ಕೊಳ್ಳುವುದಾದರೆ ಅಲಾಸ್ಕ ಸರ್ಕಾರದ ‘ಸಿಲ್ವರ್ ಹ್ಯಾಂಡ್’ ಗುರುತು ನೋಡಿ ಕೊಳ್ಳಿ. ಅದಿದ್ದರೆ ಅಲಾಸ್ಕದ ಮೂಲನಿವಾಸಿಯೊಬ್ಬರ ಕೈಕೆಲಸ ಎಂದು ಅರ್ಥ. ಬೆಲೆ ಹೆಚ್ಚು, ಚೌಕಾಸಿ ಮಾಡಬೇಡಿ.